ತಡವಾದ ತುಲಾಭಾರ

ಅಕ್ಕನ ಮಗಳು ಹುಟ್ಟಿದಾಗ ಒಂದೂವರೆ ಕಿಲೋ ಕೂಡ ಇರಲಿಲ್ಲ. ಇಪ್ಪತ್ತು ದಿನ ಅವಳನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಹೊರಗಿನ ಬೆಂಚಿನಲ್ಲಿ ಕುಳಿತ ಅಮ್ಮ, ಮಗು ಉಳಿದರೆ ತುಲಾಭಾರ ಮಾಡಿಸುತ್ತೇನೆಂದು ಹರಕೆ ಹೊತ್ತಳು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ಅವಳ ತೂಕದಷ್ಟು ತೆಂಗಿನಕಾಯಿ.

ಮಗು ಉಳಿಯಿತು. ಭಾವ ದುಬೈಯಲ್ಲಿದ್ದ ಕಾರಣ ಅಕ್ಕನೂ ಮಗುವೂ ನಮ್ಮ ಮನೆಯಲ್ಲೇ ಇದ್ದರು. ವರ್ಷ ತುಂಬಿದಾಗಲೇ ಹರಕೆ ತೀರಿಸಬಹುದಿತ್ತು. ಅಮ್ಮ ಒಪ್ಪಲಿಲ್ಲ.

"ಹತ್ತು ಹದಿನೈದು ಕಾಯಿಗೆ ತಟ್ಟೆ ಏಳ್ತದೆ. ದೇವರ ಎದುರು ಮರ್ಯಾದೆ ಎಂತ ಉಂಟು? ಸ್ವಲ್ಪ ತುಂಬಿಕೊಳ್ಳಲಿ."

ಮೂರು ವರ್ಷವಾದಾಗಲೂ ಅದೇ ಮಾತು. ಅವಳನ್ನು ತುಂಬಿಸುವುದೇ ಮನೆಮಂದಿಯ ಕೆಲಸವಾಯಿತು. ಅಪ್ಪನದು ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನಿನ ವ್ಯಾಪಾರ. ಒಳ್ಳೆಯ ಮೀನನ್ನು ಮನೆಗೆ ತಂದು ಅವಳಿಗಾಗಿ ಎಣ್ಣೆಯಲ್ಲಿ ಕರಿಯುತ್ತಿದ್ದರು. ನೀರುದೋಸೆಗೆ ಬೆಲ್ಲ ಬೆರೆಸಿದ ಕಾಯಿತುರಿ, ಶಾಲೆಯಿಂದ ಬಂದ ಕೂಡಲೇ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಬನ್ಸ್, ಆಮೇಲೆ ಬೇಕರಿಯ ಪಫ್ಸ್. ಸಾಕೆಂದರೂ ಅಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನಮ್ಮ ಮನೆ ಪಣಂಬೂರಿನಲ್ಲಿ, ಬಂದರಿಗೆ ಹೋಗುವ ಲಾರಿಗಳ ರಸ್ತೆಯ ಬದಿಗೆ. ಮಗುವನ್ನು ಗೇಟಿನ ಹೊರಗೆ ಬಿಡುವಂತಿರಲಿಲ್ಲ. ಶಾಲೆಯ ವ್ಯಾನ್ ಗೇಟಿಗೇ ಬರುತ್ತಿತ್ತು. ಸಂಜೆ ಟ್ಯೂಷನ್, ಆಮೇಲೆ ಮೊಬೈಲ್. ಹತ್ತು ನಿಮಿಷ ನಡೆದರೆ ಸಮುದ್ರ. ಅವಳು ಅದನ್ನು ಹೆಚ್ಚಾಗಿ ಕಂಡದ್ದು ಕಾರಿನ ಕಿಟಕಿಯಿಂದ.

ಅವಳಿಗೆ ಹತ್ತು ವರ್ಷವಾದಾಗ ಶಾಲೆಯ ಆರೋಗ್ಯ ತಪಾಸಣೆಯ ಕಾರ್ಡು ಬಂತು. ತೂಕದ ಕೆಳಗೆ ಕೆಂಪು ಗೆರೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಉಂಟೇ ಎಂದು ಮಕ್ಕಳ ಡಾಕ್ಟರು ಕೇಳಿದರು. ನನ್ನ ಅಪ್ಪನಿಗಿತ್ತು. ಈಗಲೇ ಊಟ, ಆಟ ಎರಡನ್ನೂ ಸರಿಮಾಡಿದರೆ ಮಗುವಿಗೆ ಬಾರದಂತೆ ನೋಡಿಕೊಳ್ಳಬಹುದು ಎಂದರು. ನಾನು ಆಗಷ್ಟೇ ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಎಲ್ಲರೂ ನನ್ನ ಮುಖ ನೋಡಿದರು.

ಮೊದಲ ಕೆಲವು ತಿಂಗಳು ನಾನು ಮಾಡಿದ್ದು ಸರಿಯಿತ್ತು ಎಂದು ಈಗಲೂ ಅಂದುಕೊಂಡಿದ್ದೇನೆ. ಅವಳಿಗೆಂದು ಬೇರೆ ಅಡುಗೆ ಮಾಡಲಿಲ್ಲ, ಎಲ್ಲರಿಗೂ ಒಂದೇ. ಕರಿದ ಮೀನಿನ ಬದಲು ಹುಳಿಖಾರದ ಮೀನುಸಾರು ಪುಳಿಮುಂಚಿ, ಬಸಳೆ, ಹೆಸರುಕಾಳು. ಟ್ಯೂಷನ್ ಬಿಡಿಸಿ ಸಂಜೆ ಕಡಲ ಬದಿಗೆ ಕರೆದುಕೊಂಡು ಹೋದೆ. ಮೊದಲ ವಾರ ಏದುಸಿರು ಬಿಡುತ್ತಿದ್ದಳು. ತಿಂಗಳು ಕಳೆಯುವಾಗ ಹಿಂದೆ ಸರಿಯುವ ಅಲೆಯನ್ನು ಓಡಿಹೋಗಿ ಮುಟ್ಟಿ, ಅದು ತಿರುಗುವ ಮೊದಲು ವಾಪಸು ಬರುವ ಆಟವೊಂದನ್ನು ತಾನೇ ಮಾಡಿಕೊಂಡಿದ್ದಳು.

"ಚಿಕ್ಕಮ್ಮ, ನೀನು ಓಡುವುದಾ ಅದು? ಅಜ್ಜಿ ಸಹ ನಿನ್ನನ್ನು ಸೋಲಿಸ್ತಾಳೆ."

ಅಮ್ಮ ಮಾತ್ರ ಗೊಣಗುತ್ತಿದ್ದಳು. "ಮಗುವಿನ ಕೆನ್ನೆ ಒಣಗಿತು. ನಿನ್ನ ಕಾಲೇಜಿನಲ್ಲಿ ಉಪವಾಸಕ್ಕೂ ಡಿಗ್ರಿ ಕೊಡ್ತಾರಾ ಎಂತ?"

"ಉಪವಾಸ ಅಲ್ಲಮ್ಮ. ಹಸಿವಾದಷ್ಟು ತಿಂತಾಳೆ."

"ಹಸಿವಾಗುವವರೆಗೆ ಕಾಯುವುದು ಎಂತಕ್ಕೆ? ಮನೆಯಲ್ಲಿ ಅನ್ನ ಇಲ್ವಾ?"

ಅಷ್ಟರಲ್ಲಿ ಭಾವ ದುಬೈಯಿಂದ ರಜೆಯಲ್ಲಿ ಬರುವುದು ನಿಶ್ಚಯವಾಯಿತು. ಬಂದ ವಾರವೇ ತುಲಾಭಾರ ಮುಗಿಸುವ ಎಂದಳು ಅಮ್ಮ. ರಜೆಯ ಕೊನೆಗೆ ಇಟ್ಟುಕೊಳ್ಳುವ ಎಂದೆ ನಾನು. ಕಾರಣ ಹೇಳಲಿಲ್ಲ. ನಂಟರೆಲ್ಲ ನಿಂತು ನೋಡುತ್ತಿರುವಾಗ ಕಾಯಿಗಳು ಏರುತ್ತಲೇ ಹೋಗುವ ದೃಶ್ಯ ನನ್ನನ್ನು ಕಾಡುತ್ತಿತ್ತು. ಕಾಯಿ ಕಡಿಮೆಯಾದರೆ ಅಮ್ಮನಿಗೆ ನಾಚಿಕೆ, ಹೆಚ್ಚಾದರೆ ನನಗೆ. ಮಗುವಿಗೆ ಯಾವ ನಾಚಿಕೆಯೂ ಇರಲಿಲ್ಲ. ಅದನ್ನು ಕೊಟ್ಟವಳು ನಾನು.

"ತುಲಾಭಾರದ ಹೊತ್ತಿಗೆ ಇನ್ನು ಮೂರು ಕಿಲೋ ಇಳಿಸುವ, ಆಯ್ತಾ?" ಎಂದು ಒಂದು ಸಂಜೆ ಹೇಳಿದೆ.

ಮಕ್ಕಳ ಮುಂದೆ ತೂಕದ ಅಂಕಿಯನ್ನು ಗುರಿಯಾಗಿ ಇಡಬಾರದೆಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಪ್ರತಿ ಭಾನುವಾರ ಅವಳನ್ನು ತೂಕದ ಮೆಷಿನಿನ ಮೇಲೆ ನಿಲ್ಲಿಸತೊಡಗಿದೆ. ಅಲೆಯಾಟ ನಿಂತಿತು. ಅವಳು ಹೆಜ್ಜೆ ಎಣಿಸುತ್ತಾ ನನ್ನ ಪಕ್ಕದಲ್ಲಿ ನೇರ ನಡೆಯುತ್ತಿದ್ದಳು. ಶಿಸ್ತು ಬಂತು ಎಂದುಕೊಂಡೆ.

ತುಲಾಭಾರದ ಬೆಳಿಗ್ಗೆ ತಿಂಡಿ ಬೇಡವೆಂದಳು. ಹರಕೆಯ ದಿನವಲ್ಲವೇ, ಯಾರೂ ಒತ್ತಾಯಿಸಲಿಲ್ಲ. ದೇವಸ್ಥಾನದಲ್ಲಿ ಅರ್ಚಕರು ಅವಳನ್ನು ತಟ್ಟೆಯಲ್ಲಿ ಕೂರಿಸಿದರು. ಕಾಯಿಗಳು ಒಂದೊಂದಾಗಿ ಬಿದ್ದವು. "ಹಾಕಿ ಹಾಕಿ, ಇನ್ನೂ ಏಳಲಿಲ್ಲ!" ಎಂದರು ಅಮ್ಮನ ಅಣ್ಣ. "ಈ ವರ್ಷ ದೇವರಿಗೆ ಚಟ್ನಿಗೆ ತೊಂದರೆ ಇಲ್ಲ ಮಾರಾಯ್ರೆ." ಎಲ್ಲರೂ ನಕ್ಕರು. ಅಮ್ಮನಷ್ಟು ಖುಷಿಯಾಗಿ ಯಾರೂ ನಗಲಿಲ್ಲ. ಹತ್ತು ವರ್ಷ ಕಾದದ್ದು ಅವಳು ಅದಕ್ಕೇ. ಮಗು ಕಾಯಿಗಳತ್ತ ನೋಡಲಿಲ್ಲ, ನನ್ನ ಮುಖ ನೋಡುತ್ತಿತ್ತು. ನನ್ನ ಮುಖದಲ್ಲಿ ಆಗ ಏನಿತ್ತೋ ನನಗೆ ತಿಳಿಯದು.

ತಟ್ಟೆಯಿಂದ ಇಳಿದು ಎರಡು ಹೆಜ್ಜೆ ಇಟ್ಟವಳು ಕುಸಿದು ಕುಳಿತಳು. ಅಕ್ಕ ನೀರಿನ ಬಾಟಲಿ ಹಿಡಿದರೆ ಬಾಯಿ ತೆರೆಯಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು, "ಚಿಕ್ಕಮ್ಮ, ಈಗ ಕುಡಿಯಬಹುದಾ?"

"ಯಾವಾಗಿಂದ ಕುಡಿಯಲಿಲ್ಲ ನೀನು?"

"ನಿನ್ನೆ ಸಂಜೆಯಿಂದ. ನೀರಿಗೂ ತೂಕ ಉಂಟು ಅಂತ ನೀನೇ ಹೇಳಿದ್ದಲ್ಲ."

ಹೇಳಿದ್ದೆ. ಶಾಲೆಯ ಪಾಠದ ಪ್ರಶ್ನೆ ಎಂದುಕೊಂಡು, ಲೀಟರಿಗೆ ಒಂದು ಕಿಲೋ ಎಂದು ಸರಿಯಾಗಿಯೇ ಉತ್ತರಿಸಿದ್ದೆ. ಒಂದು ವಾರದಿಂದ ಮಧ್ಯಾಹ್ನದ ಬುತ್ತಿಯನ್ನು ಗೆಳತಿಯರಿಗೆ ಹಂಚುತ್ತಿದ್ದಳೆಂಬುದು ಆಮೇಲೆ ತಿಳಿಯಿತು.

ನನ್ನನ್ನು ಯಾರೂ ಬೈಯಲಿಲ್ಲ. ಮನೆಗೆ ಹಿಂದಿರುಗುವಾಗ ಕಾರಿನಲ್ಲಿ ಅಮ್ಮ ಮೆಲ್ಲನೆ ಹೇಳಿದಳು, "ಒಂದು ವರ್ಷಕ್ಕೇ ತೀರಿಸಬೇಕಿತ್ತು. ಆಸೆ ನನ್ನದು." ಅಷ್ಟಾದರೂ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನವೇ ತೂಕದ ಮೆಷಿನನ್ನು ಯಾರಿಗೋ ಕೊಟ್ಟುಬಿಟ್ಟೆ. ತೂಕದ ಮಾತು ಬಿಟ್ಟು ಅವಳನ್ನು ಆಡಲು ಬಿಡಿ ಎಂದರು ಡಾಕ್ಟರು. ಈಗ ಅಕ್ಕನ ಜೊತೆ ಕೆಲವು ಸಂಜೆ ಕಡಲಿಗೆ ಹೋಗುತ್ತಾಳೆ. ನಾನು ಚಪ್ಪಲಿ ಹಾಕಿದರೆ ಹೋಮ್‌ವರ್ಕ್ ಉಂಟು ಎನ್ನುತ್ತಾಳೆ. ಊಟಕ್ಕೆ ನಾನು ಎದುರಿಗಿದ್ದರೆ ಅರ್ಧ ಸೌಟಿಗೇ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾಳೆ. ಎಷ್ಟು ಮುದ್ದು ಮಾಡಿ ಹೇಳಿದರೂ ಆ ಕೈ ಸರಿಯುವುದಿಲ್ಲ.

ಹಾಗಾಗಿ ನಾನು ಎಲ್ಲರಿಗಿಂತ ಮೊದಲೇ ಉಂಡು ಕೋಣೆಗೆ ಹೋಗುತ್ತೇನೆ. ಬಾಗಿಲು ಮುಚ್ಚಿದ ಮೇಲೆ ಅಡುಗೆಮನೆಯಿಂದ ಅವಳ ಸ್ವರ ಕೇಳುತ್ತದೆ, "ಅಜ್ಜಿ, ಸ್ವಲ್ಪ ಅನ್ನ ಹಾಕು."