ದೀಪ ದೊಡ್ಡ ಮಾಡು

ನನ್ನ ತಮ್ಮ ಹೇಳಿದ ಒಂದು ಮಾತನ್ನು ನಾನು ತಪ್ಪಾಗಿ ಅನುವಾದಿಸಿದೆ. ತಿಳಿಯದೆ ಅಲ್ಲ — ತಿಳಿದೇ. ಅದರಿಂದ ಅವನ ಆಟ ಮುಗಿಯಿತು. ಆಟವೊಂದೇ ಮುಗಿದಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ.

ಇನ್ನೊಂದನ್ನೂ ಈಗಲೇ ಒಪ್ಪಿಕೊಳ್ಳಬೇಕು. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅನೂಪನಿಗೆ ಕನ್ನಡ ಓದಲು ಬರುವುದಿಲ್ಲ. ಅಂದರೆ ತಪ್ಪು ಒಪ್ಪಿಕೊಳ್ಳುವಾಗಲೂ ನಾನು ಎಲ್ಲೋ ಅಡಗಿ ಕೂತಿದ್ದೇನೆ.

ಅನೂಪ ಐಸ್ ಹಾಕಿ ಆಡುತ್ತಿದ್ದ. ಸಂಬಳಕ್ಕೆ ಆಡುವವನು — ಎಡಗಡೆಯ ವಿಂಗರ್. ಮಂಜುಗಡ್ಡೆಯ ಅಂಗಳದ ಅಂಚು ಹಿಡಿದು, ಸುತ್ತಲಿನ ಗಾಜಿನ ಗೋಡೆಗೆ ಭುಜ ತಾಗುವಷ್ಟು ಹತ್ತಿರದಲ್ಲಿ ಜಾರಿಕೊಂಡು ಹೋಗುವವನು. ಪೆಟ್ಟು ಬೀಳುವುದೂ, ಹಲ್ಲು ಮುರಿಯುವುದೂ ಆ ಅಂಚಿನಲ್ಲೇ. ಅವನು ಚಿಕ್ಕವನಿದ್ದಾಗ ಅಪ್ಪ ಬೆಳಕು ಹರಿಯುವ ಮೊದಲೇ ವಾನ್ ಎಂಬ ಊರಿನ ನಮ್ಮ ಮನೆಯಿಂದ ಅವನನ್ನು ಕಾರಿನಲ್ಲಿ ಅಭ್ಯಾಸಕ್ಕೆ ಕರೆದೊಯ್ದು, ಅಲ್ಲಿಂದಲೇ ಫ್ಯಾಕ್ಟರಿಗೆ ಹೋಗುತ್ತಿದ್ದರು. ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಅಪ್ಪನ ಗೆಳೆಯ ಭಾಸ್ಕರಣ್ಣ ಪ್ರತಿ ವರ್ಷ ಒಂದೇ ತಮಾಷೆ ಮಾಡುತ್ತಿದ್ದರು: "ಎಂತ ಮಾರಾಯ, ಮಗನಿಗೆ ಡೆಂಟಿಸ್ಟ್ ಆಗು ಅಂದ್ರೆ ಡೆಂಟಿಸ್ಟಿನ ಗಿರಾಕಿ ಆದ್ನಲ್ಲ!" ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಕಾರು ಹತ್ತಿದ ಮೇಲೆ ಮಾತ್ರ, ಒಂದು ದಿನ ಇವರೆಲ್ಲ ಟಿವಿ ಮುಂದೆ ಕೂತು ನೋಡ್ತಾರೆ, ನೋಡು, ಎನ್ನುತ್ತಿದ್ದರು.

ಇನ್ನು ಅಜ್ಜಿಯ ವಿಷಯ. ಅವರು ಅಪ್ಪನ ತಾಯಿ. ಕುಂದಾಪುರದಿಂದ ಈ ದೇಶಕ್ಕೆ ಬಂದು ನಮ್ಮಿಬ್ಬರನ್ನು ಬೆಳೆಸಿದವರು. ನನ್ನನ್ನು "ಹೆಣ್ಣೆ" ಎಂದು ಕರೆಯುತ್ತಿದ್ದವರು ಅವರೊಬ್ಬರೇ. "ದೀಪ ಆರಿಸು" ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ — ಅದು ಅಶುಭ. ಆರಿಸಬೇಕಾದಾಗ "ದೀಪ ದೊಡ್ಡ ಮಾಡು" ಎನ್ನುತ್ತಿದ್ದರು. ದೇವರ ಮುಂದಿನ ದೀಪಕ್ಕೆ ಮಾತ್ರವಲ್ಲ, ಬೇಸ್‌ಮೆಂಟಿನ ಟ್ಯೂಬ್‌ಲೈಟಿಗೂ, ಕಾರಿನ ಹೆಡ್‌ಲೈಟಿಗೂ ಅದೇ ಮಾತು. ಅವರ ಮಡಿಲಲ್ಲೇ ಬೆಳೆದ ಅನೂಪನಿಗೆ ಬೇರೆ ಮಾತು ಗೊತ್ತಿರಲಿಲ್ಲ. ಶಾಲೆ ಸೇರಿದ ಹೊಸದರಲ್ಲಿ, ಮಧ್ಯಾಹ್ನ ಮಕ್ಕಳನ್ನು ಮಲಗಿಸುವ ಹೊತ್ತಿಗೆ, ಲೈಟು ದೊಡ್ಡದು ಮಾಡಿ ಎಂದು ಇಂಗ್ಲಿಷಿನಲ್ಲಿ ಟೀಚರನ್ನು ಕೇಳಿದ್ದನಂತೆ. ಅವರು ಪಾಪ, ಇದ್ದಬದ್ದ ಲೈಟನ್ನೆಲ್ಲ ಹಾಕಿದರಂತೆ. ಇವನು ಕಣ್ಣು ಮುಚ್ಚಿಕೊಂಡು ಅತ್ತನಂತೆ. ನಮ್ಮ ಮನೆಯಲ್ಲಿ ಅದು ವರ್ಷಗಟ್ಟಲೆ ನಗೆಯ ಕತೆಯಾಗಿತ್ತು.

ಅಜ್ಜಿ ನಮ್ಮ ಬೇಸ್‌ಮೆಂಟಿನ ಕೋಣೆಯಲ್ಲೇ ತೀರಿಕೊಂಡರು. ಕೊನೆಯ ದಿನಗಳಲ್ಲಿ ಸ್ವಿಚ್ಚು ಎಲ್ಲಿದೆ ಎನ್ನುವುದು ಅವರಿಗೆ ಮರೆತುಹೋಗುತ್ತಿತ್ತು. ಅಂಗೈಯಿಂದ ಗೋಡೆ ಸವರುತ್ತ ಹುಡುಕುತ್ತಿದ್ದರು. ಸರ್... ಸರ್... ಎಂಬ ಆ ಸದ್ದು ಮೇಲಿನ ಅಡುಗೆಮನೆಗೂ ಕೇಳುತ್ತಿತ್ತು. ಅವರು ಹೋದ ಮೇಲೆ ಅನೂಪ ಕನ್ನಡ ಮಾತಾಡುವುದನ್ನೇ ಬಿಟ್ಟ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಬೆಳೆದು ದೊಡ್ಡವನಾದ ಮೇಲೂ ಹಾಗೇ.

ಆ ದಿನದ ಆಟಕ್ಕೆ ನಾನೊಬ್ಬಳೇ ಹೋಗಿದ್ದೆ. ಹಿಮ ಸುರಿಯುತ್ತಿದ್ದುದರಿಂದ ಅಪ್ಪ ಅಮ್ಮ ಹೈವೇಯಲ್ಲಿ ಸಿಕ್ಕಿಕೊಂಡಿದ್ದರು. ಅನೂಪ ಆಗ ಎರಡನೆಯ ದರ್ಜೆಯ ಲೀಗಿನಲ್ಲಿದ್ದ. ಮೇಲಿನ ತಂಡದಿಂದ ಕರೆ ಬಂದಿತ್ತು: ಇದೊಂದು ಆಟ ಮುಗಿಸಿದರೆ ಮುಂದಿನ ವಾರ ದೊಡ್ಡ ಲೀಗು. ಅಪ್ಪ ಭಾಸ್ಕರಣ್ಣನಿಗೆ ಫೋನು ಮಾಡಿ ಹೇಳಿಯೂ ಆಗಿತ್ತು.

ನಾನು ಗಾಜಿನ ಪಕ್ಕದಲ್ಲೇ ಕೂತಿದ್ದೆ. ಹಿಂದಿನಿಂದ ಒಬ್ಬ ಬಂದು ಗುದ್ದಿದ. ಅನೂಪನ ತಲೆ ನನ್ನ ಮುಖದ ಎದುರಿಗೇ ಗಾಜಿಗೆ ಬಡಿಯಿತು. ಒಂದು ಗಳಿಗೆ ಅವನು ನನ್ನನ್ನು ನೋಡಿದ. ನಾನು ಯಾರೆಂದು ತಿಳಿಯದೆ ನೋಡಿದಂತಿರಲಿಲ್ಲ. ನಾನು ತೀರಾ ಚಿಕ್ಕವಳಿದ್ದಾಗಿನಿಂದ ನನ್ನನ್ನು ಕಂಡವರು ನೋಡುವ ಹಾಗೆ — ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮನೆಯವರು ಬೇರಾರೂ ಇಲ್ಲದ್ದರಿಂದ ನನ್ನನ್ನು ಒಳಗಿನ ಕೋಣೆಗೆ ಬಿಟ್ಟರು. ತಂಡದ ಡಾಕ್ಟರು ಪ್ರಶ್ನೆ ಕೇಳುತ್ತಿದ್ದರು. ಅನೂಪ ಇಂಗ್ಲಿಷಿನಲ್ಲಿ ಎಲ್ಲಕ್ಕೂ ಸರಿಯಾಗಿಯೇ ಉತ್ತರಿಸಿದ — ಊರು, ಸ್ಕೋರು, ಎದುರಾಳಿಯ ಹೆಸರು. ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ ಎಂದು ಕೇಳಿದರು. ಇಲ್ಲ ಎಂದ. ಅವರು ಟಾರ್ಚ್ ಹಿಡಿದರು. ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಆಗ ಅವನ ಬಾಯಿ ತೆರೆಯಿತು. ಬಂದದ್ದು ಅವನ ದನಿಯೇ. ಆದರೆ ರಾಗ ಅವನದಲ್ಲ.

"ಹೆಣ್ಣೆ, ದೀಪ ದೊಡ್ಡ ಮಾಡ್."

ಅವನು ನನ್ನನ್ನು ಹಾಗೆ ಎಂದೂ ಕರೆದವನಲ್ಲ. ಅವನಿಗೆ ನಾನು ಯಾವಾಗಲೂ ಶ್ರೂ.

ಡಾಕ್ಟರು ನನ್ನ ಕಡೆ ತಿರುಗಿ, ಇದು ಯಾವ ಭಾಷೆ, ಏನು ಹೇಳಿದ, ಎಂದು ಕೇಳಿದರು.

ತಲೆಗೆ ಪೆಟ್ಟು ಬಿದ್ದವನಿಗೆ ಬೆಳಕು ಸಹಿಸಲಾಗದಿದ್ದರೆ ಮಿದುಳು ನೊಂದಿದೆ ಎಂದರ್ಥ, ಅದು ನನಗೆ ಗೊತ್ತಿತ್ತು. ಅದೇ ವರ್ಷ ವಿಶ್ವವಿದ್ಯಾಲಯದಲ್ಲಿ ಅದನ್ನು ಓದಿದ್ದೆ. ಆರಿಸು ಎನ್ನುತ್ತಿದ್ದಾನೆ ಎಂದಿದ್ದರೆ ಅವನನ್ನು ವಾರಗಟ್ಟಲೆ ಕೂರಿಸುತ್ತಿದ್ದರು. ಕರೆ ಇನ್ನೊಬ್ಬನ ಪಾಲಾಗುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಿದೆ:

"ಲೈಟು ದೊಡ್ಡದು ಮಾಡಿ ಅಂತಿದ್ದಾನೆ."

ಪದಕ್ಕೆ ಪದ ಸರಿ. ಒಂದಕ್ಷರವೂ ಹೆಚ್ಚು ಕಡಿಮೆಯಿಲ್ಲ. ಡಾಕ್ಟರು ನಕ್ಕು, ಹಾಗಾದರೆ ಕಣ್ಣು ಚೆನ್ನಾಗಿಯೇ ಇದೆ, ಎಂದರು. ಟಾರ್ಚನ್ನು ಜೇಬಿಗೆ ಹಾಕಿಕೊಂಡರು. ಅನೂಪ ಕಣ್ಣು ಮುಚ್ಚಿಕೊಂಡ.

ಯಾಕೆ ಹಾಗೆ ಹೇಳಿದೆ? ಅಪ್ಪನಿಗೋಸ್ಕರ ಎಂದು ಬಹಳ ದಿನ ನಂಬಿಕೊಂಡಿದ್ದೆ. ಆಮೇಲೆ, ಭಯ ಎಂದುಕೊಂಡೆ — ಸರಿಯಾಗಿ ಅನುವಾದಿಸಿದರೆ, ಕೇಳಿಸಿದ್ದು ಯಾರ ಮಾತು ಎಂದೂ ಒಪ್ಪಿಕೊಳ್ಳಬೇಕಾಗುತ್ತಿತ್ತಲ್ಲ. ಈಗ ಯಾವ ಕಾರಣವನ್ನೂ ಹುಡುಕುತ್ತಿಲ್ಲ. ನನ್ನ ತಮ್ಮ ದೊಡ್ಡ ಲೀಗಿನಲ್ಲಿ ಆಡುವುದನ್ನು ನೋಡುವ ಆಸೆ ನನಗೂ ಇತ್ತು. ಅಷ್ಟೇ.

ಮನೆಗೆ ಬರುವಾಗ ಕಾರಿನಲ್ಲಿ ಅವನು ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ಹಿಂದಿನ ಸೀಟನ್ನೇ ನೋಡುತ್ತಿದ್ದ. ಅಲ್ಲಿ ಅವನ ಹಾಕಿ ಬ್ಯಾಗು ಬಿಟ್ಟರೆ ಏನೂ ಇರಲಿಲ್ಲ. ನಾನು ಒಳಗೆ ಏನಾದರೂ ಹೇಳಿದೆನಾ, ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲ ಎಂದೆ. "ಐ ಆಮ್ ಫೈನ್, ಶ್ರೂ," ಎಂದ. ಅದನ್ನು ಅವನು ನಂಬಿದ್ದ. ನಂಬುವಂತೆ ಮಾಡಿದವಳು ನಾನು.

ಮುಂದಿನ ವಾರ ಭಾಸ್ಕರಣ್ಣನೂ ಸೇರಿ ಎಲ್ಲರೂ ನಮ್ಮ ಮನೆಯ ಟಿವಿ ಮುಂದೆ ಕೂತಿದ್ದರು. ಮೊದಲ ಅವಧಿಯಲ್ಲೇ ಒಬ್ಬ ಎದುರಾಳಿ ದಾಟಿ ಹೋಗುವಾಗ ಅನೂಪನಿಗೆ ಭುಜ ತಾಗಿಸಿದ. ಪೆಟ್ಟು ಎನ್ನುವಂಥ ಪೆಟ್ಟೂ ಅಲ್ಲ ಅದು. ಅನೂಪ ಮಂಜಿನ ಮೇಲೆ ಮೆಲ್ಲಗೆ ಕೂತ, ಮಲಗಿದ, ಏಳಲಿಲ್ಲ. ಟಿವಿಯಲ್ಲಿ ಅದನ್ನೇ ಮತ್ತೆ ಮತ್ತೆ ತೋರಿಸಿದರು. ಪ್ರತಿ ಸಲವೂ ಅವನ ಒಂದು ಕೈ ಮಾತ್ರ ಅಲುಗುತ್ತಿತ್ತು — ಬಿಳಿಯ ಮಂಜನ್ನು ಅಂಗೈಯಿಂದ ಸವರುತ್ತ, ಏನನ್ನೋ ಹುಡುಕುವ ಹಾಗೆ. ಅಮ್ಮ ಎದ್ದುಹೋಗಿ ಟಿವಿ ಆರಿಸಿದರು.

ಆಸ್ಪತ್ರೆಯಲ್ಲಿ, ಹಿಂದಿನ ಪೆಟ್ಟಿನ ನಂತರ ಏನಾದರೂ ಲಕ್ಷಣ ಕಂಡಿತ್ತೇ ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದರು, ಅಲ್ಲಿದ್ದವಳು ನಾನೊಬ್ಬಳೇ. ಇಲ್ಲ, ಎಂದೆ. ಈ ಸಲ ಅನುವಾದದ ನೆಪವೂ ಇರಲಿಲ್ಲ.

ಈಗ ಅನೂಪ ಬೇಸ್‌ಮೆಂಟಿನಲ್ಲಿರುತ್ತಾನೆ, ಅಜ್ಜಿಯ ಕೋಣೆಯಲ್ಲಿ. ಬೆಳಕು ಆಗುವುದಿಲ್ಲ, ಕಿಟಕಿಗೆ ರಟ್ಟು ಅಂಟಿಸಿದ್ದಾನೆ. ಹಗಲಲ್ಲೂ ಕತ್ತಲಲ್ಲೇ ಓಡಾಡುತ್ತಾನೆ. ಭಾನುವಾರಗಳಲ್ಲಿ ನಾರ್ತ್ ಯಾರ್ಕ್‌ನ ನನ್ನ ಅಪಾರ್ಟ್‌ಮೆಂಟಿನಿಂದ ಬಂದು ಅಡುಗೆಮನೆಯಲ್ಲಿ ನಿಂತರೆ, ಕೆಳಗಿನಿಂದ ಸರ್... ಸರ್... ಎಂದು ಗೋಡೆ ಸವರುವ ಸದ್ದು ಕೇಳುತ್ತದೆ. ಕತ್ತಲಲ್ಲಿ ನಡೆಯುವವರು ಯಾರೇ ಆದರೂ ಗೋಡೆ ಸವರುತ್ತಾರೆ, ಗೊತ್ತು. ಆದರೂ ಆಗ ಅಮ್ಮ ನಲ್ಲಿ ನಿಲ್ಲಿಸುತ್ತಾರೆ, ಇಬ್ಬರೂ ಕಿವಿಗೊಡುತ್ತೇವೆ.

ದಣಿದಾಗ ಅವನು ಕನ್ನಡ ಮಾತಾಡುತ್ತಾನೆ, ಅಜ್ಜಿಯ ರಾಗದಲ್ಲಿ. ಅಪ್ಪ ರಿಚ್ಮಂಡ್ ಹಿಲ್‌ನ ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡು ಬಂದರು. ಅಮ್ಮನಿಗೆ ಮಾತ್ರ ಅದೇ ಒಂದು ಸಮಾಧಾನ. "ಅಂತೂ ಮಗನ ಬಾಯಲ್ಲಿ ಕನ್ನಡ ಬಂತಲ್ಲ," ಎನ್ನುತ್ತಾರೆ. ಒಮ್ಮೆ ಅನ್ನ ಬಡಿಸುತ್ತ, ತಮಾಷೆಗೋ ನಿಜಕ್ಕೋ, "ಅತ್ತೆ ಬಂದು ಊಟ ಕೇಳಿದ ಹಾಗೇ ಆಯ್ತು, ಕಾಣ್," ಎಂದರು. ನಾನು ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದೆ.

ನನ್ನನ್ನು ಹಿಂಡುವುದು ಇದ್ಯಾವುದೂ ಅಲ್ಲ. ಹೋದ ತಿಂಗಳು ಊಟ ಕೊಡಲು ಕೆಳಗೆ ಹೋದಾಗ ಅನೂಪ ಕತ್ತಲಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳಿದ: ಅಂಥ ಸಣ್ಣ ತಾಗುವಿಕೆಗೆ ಶಾಲೆಯ ಹುಡುಗರೂ ಬೀಳುವುದಿಲ್ಲ. ಚೆನ್ನಾಗಿದ್ದ ನಾನು ಬಿದ್ದೆ. ನಾನೇ ಪೊಳ್ಳು, ಶ್ರೂ. ಅಪ್ಪ ಅಷ್ಟು ವರ್ಷ ಒಂದು ಪೊಳ್ಳಿಗೋಸ್ಕರ ಎದ್ದರು.

ಅವನು ಚೆನ್ನಾಗಿರಲಿಲ್ಲ. ಅವನ ತಲೆ ಆಗಲೇ ನೊಂದಿತ್ತು. ಅದನ್ನು ಅವನೇ ಹೇಳಿದ್ದ, ತನಗೆ ಗೊತ್ತಿದ್ದ ಒಂದೇ ಮಾತಿನಲ್ಲಿ. ಅರ್ಥ ಗೊತ್ತಿದ್ದ ಒಬ್ಬಳೇ ಒಬ್ಬಳ ಎದುರಿಗೆ. ಇದನ್ನು ನಾನು ಹೇಳದಿದ್ದರೆ ತಾನು ಪೊಳ್ಳು ಎಂದೇ ಅವನು ಬದುಕುತ್ತಾನೆ. ಹೇಳಿದರೆ ಅಕ್ಕನನ್ನು ಕಳೆದುಕೊಳ್ಳುತ್ತಾನೆ. ಅಂದು ನಾನು ತಟ್ಟೆ ಇಟ್ಟು ಬಂದೆ.

ಈ ಭಾನುವಾರ ಹೇಳುತ್ತೇನೆ. ಓದಲು ಬಾರದಿದ್ದರೂ ಕೇಳಿದರೆ ಅವನಿಗೆ ಕನ್ನಡ ಅರ್ಥವಾಗುತ್ತದೆ. ಹಾಗಾಗಿ ಇದನ್ನೇ ಓದಿ ಹೇಳೋಣವೆಂದುಕೊಂಡಿದ್ದೆ. ಆದರೆ ಓದಲು ಬೆಳಕು ಬೇಕು. ಆ ಕೋಣೆಯಲ್ಲಿ ಬೆಳಕಿಲ್ಲ, ನಾನು ತರಲೂ ಬಾರದು. ಆದ್ದರಿಂದ ಬರೆದದ್ದನ್ನು ಬಾಯಿಪಾಠ ಮಾಡುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ಮತ್ತೆ ಮತ್ತೆ ನಾಲಿಗೆ ನಿಲ್ಲುತ್ತದೆ.

ನಾನು ಮೆಟ್ಟಿಲ ಮೇಲೆ ಕಾಲಿಟ್ಟ ಸದ್ದಿಗೆ ಗೋಡೆ ಸವರುವ ಸದ್ದು ನಿಲ್ಲುತ್ತದೆ — ಯಾವಾಗಲೂ ಹಾಗೇ. ಕೆಳಗಿನಿಂದ ಒಂದು ದನಿ ಕೇಳುತ್ತದೆ: "ಹೆಣ್ಣೆ, ನೀನಾ?" ಕೇಳುತ್ತಿರುವುದು ಅವನೋ, ಅಜ್ಜಿಯೋ. ಯಾರೇ ಆಗಿರಲಿ, ಹೇಳಬೇಕಾದದ್ದು ಇಬ್ಬರಿಗೂ ಒಂದೇ. ಹೌದು, ನಾನೇ, ಎನ್ನುತ್ತೇನೆ. ಮೆಟ್ಟಿಲ ದೀಪ ದೊಡ್ಡ ಮಾಡಿ, ಕೆಳಗೆ ಇಳಿಯುತ್ತೇನೆ.