ಖಾಲಿ ಗುಡಿಯಲ್ಲಿ ಅಪ್ಪನ ಸಾಲು

ಬುದ್ಧಿಗೆ ನಿಲುಕದ ಸಂಗತಿಯೊಂದು ತಮಗಾಯಿತೆಂದು ಯಾರಾದರೂ ಹೇಳಿದರೆ, ಅವರಿಗೆ ನಿದ್ದೆ ಸಾಲದಾಗಿರಬೇಕು ಅಥವಾ ಮಾತಿಗೆ ಬೇರೆ ವಿಷಯ ಸಿಕ್ಕಿರಲಿಕ್ಕಿಲ್ಲ ಎಂದು ನಾನು ಭಾವಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಓದಿದವಳು ಇಂಥದ್ದನ್ನು ನಂಬಬಾರದೆಂಬ ಎಚ್ಚರ ನನ್ನಲ್ಲಿ ತುಸು ಹೆಚ್ಚಾಗಿಯೇ ಇತ್ತು. ಆದುದರಿಂದ ಮುಂದೆ ಬರೆಯಲಿರುವುದನ್ನು ಓದುಗರು ನಂಬಲೇಬೇಕೆಂದು ನಾನು ಕೇಳಿಕೊಳ್ಳಲಾರೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ. ಅದಕ್ಕಿಂತ ಹೆಚ್ಚಿನದು ನನ್ನ ಬಳಿ ಇಲ್ಲ.

ಬನಹಟ್ಟಿಯಲ್ಲಿ ನಮ್ಮ ಓಣಿಯ ಕೊನೆಗೆ ಒಂದು ಸಣ್ಣ ಪ್ರಾರ್ಥನಾ ಮಂದಿರವಿದೆ. ಬಾಗಿಲಿನ ಮೇಲಿನ ಫಲಕದಲ್ಲಿ ಯುನಿಟೇರಿಯನ್ ಪ್ರಾರ್ಥನಾ ಮಂದಿರ ಎಂದು ಬರೆದಿದೆಯಾದರೂ ಊರಿನವರು ಅದನ್ನು ಕರೆಯುವುದು ಖಾಲಿ ಗುಡಿ ಎಂದು. ಒಳಗೆ ಮೂರ್ತಿಯಿಲ್ಲ, ಲಿಂಗವಿಲ್ಲ, ಶಿಲುಬೆಯೂ ಇಲ್ಲ. ದೇವರು ಒಬ್ಬನೇ, ಅವನನ್ನು ಯಾರು ಬೇಕಾದರೂ ಯಾವ ಮಾತಿನಲ್ಲಿ ಬೇಕಾದರೂ ಕರೆಯಬಹುದು ಎಂದು ನಂಬಿದ ಒಬ್ಬ ಶಿಕ್ಷಕರು ಮುತ್ತಜ್ಜನ ಕಾಲದಲ್ಲಿ ಅದನ್ನು ಕಟ್ಟಿಸಿದರಂತೆ. ಹತ್ತು ಹನ್ನೆರಡು ಮನೆತನಗಳು ಅಲ್ಲಿಗೆ ನಡೆದುಕೊಳ್ಳುತ್ತವೆ. ಹೆಚ್ಚಿನವರು ನೇಕಾರರು. ನಾವು ಮೂಲದಲ್ಲಿ ರನ್ನ ಬೆಳಗಲಿಯ ಕುರುಬರು. ಅಜ್ಜ ಮಗ್ಗದ ಕೆಲಸಕ್ಕೆಂದು ಬನಹಟ್ಟಿಗೆ ಬಂದವನು ಹೇಗೋ ಈ ಮಂದಿರಕ್ಕೆ ಸೇರಿಕೊಂಡ. ಹಾಗೆಂದು ಬೀರೇಶ್ವರನನ್ನು ಬಿಡಲಿಲ್ಲ. ಬಿಡಬೇಕೆಂದು ಮಂದಿರದವರೂ ಹೇಳಲಿಲ್ಲ.

ಅಲ್ಲಿ ವಾರದ ಪೂಜೆ ಎಂಬುದಿಲ್ಲ. ವರ್ಷಕ್ಕೆ ನಾಲ್ಕು ಋತುಪ್ರಾರ್ಥನೆಗಳು ಮಾತ್ರ. ಮುಂಗಾರು ಬಿದ್ದ ಮೇಲೆ ಪ್ರತಿ ಮನೆಯವರೂ ಒಂದೊಂದು ತಂಬಿಗೆ ನೀರು ತಂದು ಒಂದೇ ಹಂಡೆಗೆ ಸುರಿಯುತ್ತಾರೆ. ಕೆಲವರದು ಕೃಷ್ಣೆಯ ನೀರು, ಕೆಲವರದು ಕೊಳವೆಬಾವಿಯದು, ನಮ್ಮದು ನಳದ್ದು. ದೀಪಾವಳಿಯ ಹೊತ್ತಿಗೆ ದೀಪ, ಚಳಿಗಾಲದಲ್ಲಿ ಜೋಳದ ತೆನೆ, ಯುಗಾದಿಯ ಆಸುಪಾಸಿನಲ್ಲಿ ಹೂವು. ನಾಲ್ಕಕ್ಕೂ ಪ್ರಾರ್ಥನೆ ಒಂದೇ. ಅದರ ಒಂದೊಂದು ಸಾಲು ಒಂದೊಂದು ಮನೆತನಕ್ಕೆ ಸೇರಿದ್ದು. ಆ ಮನೆಯ ಒಬ್ಬರು ಎದ್ದು ನಿಂತು ತಮ್ಮ ಸಾಲನ್ನು ಹೇಳಿ, ಅದರ ಬೆನ್ನಿಗೇ ಆ ಋತುವಿಗೆಂದು ಸ್ವಂತದ ಒಂದು ಬೇಡಿಕೆಯನ್ನು ಹೇಳಿ ಕುಳಿತುಕೊಳ್ಳುತ್ತಾರೆ. ಒಬ್ಬರ ಬೇಡಿಕೆಯನ್ನು ಇನ್ನೊಬ್ಬರು ಮಂದಿರದ ಹೊರಗಾಗಲಿ ಒಳಗಾಗಲಿ ಮತ್ತೆ ಆಡುವಂತಿಲ್ಲ. ಇದು ಅಲ್ಲಿಯ ಕಟ್ಟುನಿಟ್ಟಿನ ರೀತಿ.

ನಮ್ಮ ಮನೆಯ ಸಾಲು ಇದು: ‘ಕಾಣದವನೇ, ಕೈಗೆ ಕೆಲಸ ಕೊಟ್ಟವನೇ, ಹರಿದುದನ್ನು ಕೂಡಿಸು.’ ಅಪ್ಪ ಅದನ್ನು ಹೇಳುತ್ತಿದ್ದುದಕ್ಕಿಂತ ಕೂಗುತ್ತಿದ್ದುದೇ ಸರಿ. ಪವರ್‌ಲೂಮಿನ ಸದ್ದಿನಲ್ಲಿ ಜೀವನ ಕಳೆದವರಿಗೆ ಮೆಲ್ಲಗೆ ಮಾತನಾಡುವುದು ಮರೆತುಹೋಗಿರುತ್ತದೆ. ಪಿಯುಸಿ ಓದುವಾಗ ನನಗೆ ಅದು ಬಹಳ ಸಂಕೋಚದ ವಿಷಯವಾಗಿತ್ತು.

ಒಂದು ಬೇಸಿಗೆಯಲ್ಲಿ, ಹೂವಿನ ಪ್ರಾರ್ಥನೆ ಮುಗಿದ ಕೆಲವೇ ದಿನಗಳ ಮೇಲೆ, ಅಪ್ಪ ಮಗ್ಗದ ಪಕ್ಕದಲ್ಲಿಯೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಆಗ ನಾನು ಜಮಖಂಡಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಹೊಸದಾಗಿ ಕನ್ನಡ ಕಲಿಸುತ್ತಿದ್ದೆ. ಸುದ್ದಿ ಬಂದಾಗ ತರಗತಿಯನ್ನು ಮುಗಿಸಿ, ಹಾಜರಿ ಪುಸ್ತಕ ಒಪ್ಪಿಸಿ, ಬಸ್ಸು ಹಿಡಿದು ಬಂದೆ. ಮಣ್ಣಾಯಿತು. ಬಂದವರಿಗೆ ಚಹಾ ಕೊಟ್ಟೆ. ನಾನು ಅಳಲಿಲ್ಲ. ಅಳಬಾರದೆಂದು ತಡೆದುಕೊಂಡದ್ದಲ್ಲ. ಅಳು ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚಿದ ದವಡೆಯ ಹಾಗೆ ಇತ್ತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ.

ಮಂದಿರದಲ್ಲಿ ಸಾಲು ಹೇಳುವವರು ತೀರಿಕೊಂಡರೆ ನಾಲ್ಕು ಋತುಗಳ ಕಾಲ ಅವರ ಸಾಲನ್ನು ಯಾರೂ ಹೇಳುವುದಿಲ್ಲ. ಅವರ ಸರದಿ ಬಂದಾಗ ಎಲ್ಲರೂ ಆ ಸಾಲಿನಷ್ಟು ಹೊತ್ತು, ಅವರ ಬೇಡಿಕೆಯಷ್ಟು ಹೊತ್ತು, ಸುಮ್ಮನೆ ಕುಳಿತುಕೊಳ್ಳುತ್ತಾರೆ. ನಾಲ್ಕನೆಯ ಋತುವಿನಲ್ಲಿ ಆ ಮೌನ ಮುಗಿದ ಕೂಡಲೇ ಪ್ರಾರ್ಥನೆ ನಡೆಸುವವರು, ‘ಈ ಸಾಲು ಯಾರದು?’ ಎಂದು ಕೇಳುತ್ತಾರೆ. ಮನೆಯವರು ಎದ್ದು, ‘ನಮ್ಮದು’ ಎಂದರೆ ಸಾಲು ಅವರಲ್ಲಿಯೇ ಉಳಿಯಿತು. ಏಳದಿದ್ದರೆ ಬೇರೆ ಮನೆಗೆ ಹೋಯಿತು. ನಮ್ಮ ಮನೆಯಲ್ಲಿ ಉಳಿದವರು ಅವ್ವ ಮತ್ತು ನಾನು. ಅವ್ವ ಮುಧೋಳದ ಕಡೆಯಿಂದ ಮದುವೆಯಾಗಿ ಬಂದವಳು. ಹುಟ್ಟಿನಿಂದ ಆ ಮನೆತನದವರೇ ಆದವರು ಮಾತ್ರ ಸಾಲು ಹೇಳಬೇಕೆಂಬ ನಿಯಮವಿದ್ದುದರಿಂದ ಆಕೆ ಏಳುವಂತಿರಲಿಲ್ಲ.

ನಾನು ಏಳುವುದಿಲ್ಲವೆಂದು ಅವ್ವನಿಗೆ ಮೊದಲೇ ತಿಳಿಸಿದ್ದೆ. ನನಗೆ ನಂಬಿಕೆಯಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಏನೂ ಅನ್ನಿಸದೆ ಅಪ್ಪನ ಮಾತನ್ನು ಬಾಯಲ್ಲಿ ಆಡುವುದು ಸುಳ್ಳಾಗುತ್ತದೆಂದು ತೋರಿತ್ತು. ಅವ್ವ ವಾದ ಮಾಡಲಿಲ್ಲ.

“ಸಾಲಿಲ್ಲದ ಮನ್ಯಾಕಿ ಆಗಿ ನಾ ಅಲ್ಲಿ ಕುಂದ್ರಾಂಗಿಲ್ಲ. ಹೂವಿನ ಪ್ರಾರ್ಥನಿ ಒಂದು ಆತಂದ್ರ ಮುಗೀತು,” ಎಂದಳು.

ಅಪ್ಪ ಹೋದ ಮೇಲೆ ಅವ್ವ ಮನೆ ಬಿಟ್ಟು ಹೊರಗೆ ಬರುತ್ತಿದ್ದುದು ಆ ನಾಲ್ಕು ಪ್ರಾರ್ಥನೆಗಳಿಗೆ ಮಾತ್ರ. ಊಟವನ್ನೂ ಹೆಸರಿಗೆ ಮಾಡುತ್ತಿದ್ದಳು. ಮಂದಿರವೂ ತಪ್ಪಿದರೆ ಆಕೆ ಏನಾಗುವಳೆಂಬುದು ನನಗೆ ತಿಳಿದಿತ್ತು. ತಿಳಿದೂ ನನ್ನ ತೀರ್ಮಾನ ಬದಲಾಗಲಿಲ್ಲ.

ಮಳೆಯ, ದೀಪದ, ತೆನೆಯ ಪ್ರಾರ್ಥನೆಗಳು ಕಳೆದು ಹೂವಿನದು ಬಂತು. ಸಂಜೆ, ಬಿಸಿಲು ಇಳಿಯುವ ಹೊತ್ತು. ಮಂದಿರದ ನಡುವೆ ದೊಡ್ಡ ಪರಾತದಲ್ಲಿ ಎಲ್ಲರೂ ತಂದ ಹೂಗಳಿದ್ದವು. ಹೂವಿನ ಪ್ರಾರ್ಥನೆಯಲ್ಲಿ ಇನ್ನೊಂದು ಪದ್ಧತಿಯಿದೆ. ಯಾರ ಸಾಲು ಮೌನವಾಗಿದೆಯೋ ಆ ಮನೆಯವರು ಆರಂಭದಲ್ಲಿಯೇ ಬೇವಿನ ಹೂವು ಬೆಲ್ಲವನ್ನು ಬಾಯಿ ತುಂಬ ಇಟ್ಟುಕೊಂಡು, ತಮ್ಮ ಸಾಲಿನ ಮೌನ ಮುಗಿಯುವವರೆಗೆ ನುಂಗದೆ ಕುಳಿತಿರಬೇಕು. ಅದನ್ನು ನಾನು ಪಾಲಿಸಿದೆ. ಬೆಲ್ಲ ಬೇಗ ಕರಗಿತು. ಬೇವಿನ ಹೂವು ನಾಲಗೆಯ ಮೇಲೆ ಒದ್ದೆ ಹತ್ತಿಯ ಉಂಡೆಯಂತೆ ಉಳಿಯಿತು.

ಪ್ರಾರ್ಥನೆ ನಡೆಸುತ್ತಿದ್ದವರು ಗುರುಪಾದ ಮಾಸ್ತರರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ನಮಗಿಂತ ಮೊದಲಿನ ಸರದಿಯ ಮನೆತನದ ಸಾಲನ್ನು ಅಪ್ಪನ ಗೆಳೆಯ ಬಸಲಿಂಗ ಕಾಕಾ ಹೇಳಿ ಕುಳಿತರು. ನಮ್ಮ ಸರದಿ ಬಂತು. ಎಲ್ಲರೂ ಸುಮ್ಮನಾದರು.

ಆ ಮೌನದಲ್ಲಿ ನಾನು ಕೇಳಿದ್ದೆಲ್ಲವೂ ನನಗೆ ಸ್ಪಷ್ಟವಾಗಿ ನೆನಪಿದೆ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಅಷ್ಟರಲ್ಲಿ ಕರೆಂಟು ಹೋಗಿ ಅವೂ ನಿಂತವು. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ರಬಕವಿಯ ಕಡೆಗೆ ಹೋಯಿತು. ಯಾರದೋ ಬಳೆ ಸದ್ದು ಮಾಡಿತು. ಆಮೇಲೆ ಅದೂ ಇಲ್ಲ. ಎದುರಿನ ಗೋಡೆಯಲ್ಲಿ ಸುಣ್ಣ ಉದುರಿದ ಜಾಗವನ್ನು ನೋಡುತ್ತಾ, ಮಾಸ್ತರರು ಕೇಳಿದಾಗ ತಲೆ ತಗ್ಗಿಸಿ ಕುಳಿತಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ. ಅವ್ವ ನನ್ನ ಮೊಣಕೈಯನ್ನು ಒಮ್ಮೆಲೇ ಬಿಗಿಯಾಗಿ ಹಿಡಿದಳು. ನನ್ನನ್ನು ಏಳಿಸಲು ನೋಡುತ್ತಿದ್ದಾಳೆಂದು ಭಾವಿಸಿ ನಾನು ಅಲುಗಾಡಲಿಲ್ಲ.

ಮೌನ ಮುಗಿಯಿತು. ಆದರೆ ಮಾಸ್ತರರು ಆ ಪ್ರಶ್ನೆಯನ್ನು ಕೇಳಲೇ ಇಲ್ಲ. ಸ್ವಲ್ಪ ಹೊತ್ತು ನನ್ನತ್ತ ನೋಡಿ, ಕಣ್ಣು ಒರೆಸಿಕೊಂಡು, ಮುಂದಿನ ಮನೆಯವರಿಗೆ ಸನ್ನೆ ಮಾಡಿದರು. ನನಗೆ ಮುಜುಗರವಾಗದಿರಲೆಂದು ಬಿಟ್ಟರೆಂದುಕೊಂಡೆ. ಬಾಯಲ್ಲಿದ್ದ ಬೇವಿನ ಹೂವನ್ನು ಕರವಸ್ತ್ರಕ್ಕೆ ಉಗುಳಿ ಮಡಚಿಟ್ಟೆ. ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ.

ಪ್ರಾರ್ಥನೆ ಮುಗಿದು ಎಲ್ಲರೂ ಚುರುಮುರಿ, ಚಹಾಕ್ಕೆಂದು ಅಂಗಳಕ್ಕೆ ಬಂದಾಗ ಬಸಲಿಂಗ ಕಾಕಾ ನೇರವಾಗಿ ನನ್ನ ಬಳಿ ಬಂದರು.

“ಏನಬೇ ಇದು! ವರ್ಷಾನಗಟ್ಲೆ ಬಾಯಿಗೆ ಕೀಲಿ ಹಾಕ್ಕೊಂಡು ಕುಂತಾಕಿ, ಇವತ್ತ ತಗಡ ಹಾರಿಸಿಬಿಟ್ಟೆಲ್ಲ! ಥೇಟ್ ನಿಮ್ಮಪ್ಪ ಮಗ್ಗದ ಮುಂದ ನಿಂತು ಒದರಿದಂಗ ಆತು.”

ಅವರು ಯಾವುದಕ್ಕೂ ತಮಾಷೆ ಮಾಡುವವರು. ಆದುದರಿಂದ ನಾನು, “ಕಾಕಾ, ನಾನು ಏನೂ ಹೇಳಲಿಲ್ಲ,” ಎಂದೆ.

“ಹೌದೌದು, ನೀ ಎಲ್ಲಿ ಅಂದಿ! ನಾನ ಅಂದೆ ಬಿಡು!” ಎಂದು ನಕ್ಕರು. ನಗುತ್ತಿದ್ದರೂ ಅವರ ಕಣ್ಣು ಒದ್ದೆಯಾಗಿತ್ತು. “ನಿನ್ನ ಪುಸ್ತಕದಾಗಿನ ಕನ್ನಡ ಬಿಟ್ಟು ನಮ್ಮ ಮಾತಿನ್ಯಾಗ ಬೇಡಿದೆಲ್ಲ, ಅದು ಛಲೋ ಆತು.”

ಆಗ ನಾನು ಸುತ್ತಲೂ ನೋಡಿದೆ. ಎಲ್ಲರೂ ನನ್ನನ್ನು ನೋಡುತ್ತಿದ್ದ ರೀತಿ ಬೇರೆಯಾಗಿತ್ತು. ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದ ಸುಶೀಲಾಬಾಯಿ ನನ್ನ ಬೆನ್ನ ಮೇಲೆ ಕೈಯಾಡಿಸಿ, “ಎದಿ ಹಗುರಾತಿಲ್ಲೋ? ಇನ್ನ ಸರಿಯಾಗಿ ಉಣ್ಣು,” ಎಂದರು. ನಾನು ಎದ್ದು ನಿಂತಿದ್ದೆನೇ ಎಂದು ಅವರನ್ನು ಮೆಲ್ಲಗೆ ವಿಚಾರಿಸಿದೆ. ಅವರು ಗಾಬರಿಯಿಂದ ನನ್ನ ನಾಡಿ ಹಿಡಿದರು. ಕುಳಿತಲ್ಲಿಂದಲೇ ಹೇಳಿದೆನೆಂದೂ, ಗೋಡೆಯ ಕಡೆಗೆ ಮುಖ ಮಾಡಿದ್ದೆನೆಂದೂ ತಿಳಿಸಿದರು. “ದುಃಖ ಹೆಚ್ಚಾದ್ರ ಹಂಗ ಆಗತೈತಿ. ಬಾಯಿ ಅಂದದ್ದು ಕಿವಿಗೆ ಬೀಳಂಗಿಲ್ಲ,” ಎಂದರು. ಇದು ಒಪ್ಪಬಹುದಾದ ವಿವರಣೆ. ಆದರೆ ಬಾಯಿ ತುಂಬ ಬೇವಿನ ಹೂವಿತ್ತಲ್ಲ ಎಂದು ಕರವಸ್ತ್ರವನ್ನು ತೋರಿಸಿದಾಗ ಅವರು ಅದನ್ನು ಬಿಚ್ಚಿ ನೋಡಿ, ಮತ್ತೆ ಮಡಚಿ, ನನ್ನ ಕೈಗೆ ಕೊಟ್ಟರು.

ಮನೆಗೆ ನಡೆಯುವಾಗ ಅವ್ವ ನನ್ನ ಕೈ ಬಿಡಲಿಲ್ಲ. ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದು ತಾನೇ ರೊಟ್ಟಿ ಬಡಿದಳು. ನನಗಿಂತ ಮೊದಲು ಊಟಕ್ಕೆ ಕುಳಿತಳು. ಅಷ್ಟು ತಿಂಗಳಲ್ಲಿ ಆಕೆ ಎರಡನೆಯ ರೊಟ್ಟಿ ಕೇಳಿದ್ದು ಅಂದೇ.

“ಅವ್ವಾ, ನಾ ಏನ್ ಬೇಡಿದೆ?” ಎಂದು ಕೇಳಿದೆ. ಮನೆಯಲ್ಲಿಯೂ ತಿದ್ದಿದ ಕನ್ನಡದಲ್ಲಿ ಮಾತನಾಡುವ ಅಭ್ಯಾಸ ನನಗೆ ಅಂಟಿಕೊಂಡಿತ್ತು. ಅಂದು ಅದು ನೆನಪಾಗಲಿಲ್ಲ.

ಅವ್ವ ತುತ್ತನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. “ಚಾಷ್ಟಿ ಮಾಡಬ್ಯಾಡ. ನೀನ ಬೇಡಿ, ನನ್ನ ಬಾಯಿಲೆ ಅನಸ್ತೀ ಏನು? ಅದು ಅನ್ನೂ ಮಾತಲ್ಲ.”

ಮರುವಾರ ಗುರುಪಾದ ಮಾಸ್ತರರ ಮನೆಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ನನ್ನನ್ನು ಸುಳ್ಳಿಯೆಂದು ಅವರು ತಿಳಿಯಲಿಲ್ಲ, ಅದು ಅವರ ಮುಖದಿಂದ ಗೊತ್ತಾಗುತ್ತಿತ್ತು. “ನಾ ಕೇಳೂದೇನಿತ್ತು ತಂಗಿ? ಸಾಲು ಅಂದ ಮ್ಯಾಲೆ ಮನಿಯವರು ತಗೊಂಡಂಗ ಆತಲ್ಲ,” ಎಂದರು. ಬೇಡಿಕೆ ಏನಿತ್ತೆಂದು ಮಾತ್ರ ಅವರೂ ಹೇಳಲಿಲ್ಲ. “ಅದು ನಿನ್ನ ಬೇಡಿಕಿ ಅಲ್ಲಂತ ನೀ ಅಂತೀ. ಹಂಗಾರ ನಿಮ್ಮಪ್ಪಂದು. ಯಾರದಾದ್ರೂ ಆಗಲಿ, ನನ್ನ ಬಾಯಾಗ ಬರೂದು ಸರಿ ಅಲ್ಲ,” ಎಂದು ಎದ್ದು ನಿಂತರು.

ಇಷ್ಟೇ ನಡೆದದ್ದು. ಎಷ್ಟೋ ಸಲ ಯೋಚಿಸಿದ್ದೇನೆ. ಅಷ್ಟು ಜನ ಕೂಡಿ ನನ್ನನ್ನು ಆಟವಾಡಿಸಿರಲಾರರು. ಅವ್ವನಂತೂ ಖಂಡಿತ ಅಲ್ಲ. ನಾನು ಅರಿವಿಲ್ಲದೆ ಮಾತನಾಡಿದೆನೆಂದು ಒಪ್ಪಿದರೆ, ಆ ಹೊತ್ತಿನಲ್ಲಿ ನಿಂತ ಮಗ್ಗ, ಹೋದ ಟ್ರ್ಯಾಕ್ಟರು, ಬಳೆಯ ಸದ್ದು ಇವೆಲ್ಲ ನನಗೆ ಹೇಗೆ ಕೇಳಿಸಿದವು? ಆಮೇಲೆ ವಿಚಾರಿಸಿ ನೋಡಿದರೆ, ಆ ಸದ್ದುಗಳನ್ನು ಅಲ್ಲಿದ್ದ ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಅವರಿಗೆಲ್ಲ ನನ್ನ ಬಾಯಿಂದ ಅಪ್ಪನ ದನಿ ಕೇಳಿಸಿತ್ತು. ಅಪ್ಪನ ದನಿ ಕೇಳದೆ ಉಳಿದವಳು ನಾನೊಬ್ಬಳೇ.

ಸಾಲು ನಮ್ಮಲ್ಲಿಯೇ ಉಳಿಯಿತು. ಅವ್ವ ಕೊನೆಯವರೆಗೂ ಮಂದಿರಕ್ಕೆ ಬಂದಳು. ಆಕೆ ತೀರಿಕೊಂಡಾಗಲೂ ನನ್ನ ಕಣ್ಣು ಒದ್ದೆಯಾಗಲಿಲ್ಲ, ಬಂದವರಿಗೆ ಚಹಾ ಕೊಟ್ಟು, ಮಾಡಬೇಕಾದ ಕೆಲಸಗಳನ್ನು ಮಾಡಿದೆ. ಈಗ ಋತುವಿಗೊಮ್ಮೆ ಜಮಖಂಡಿಯಿಂದ ಬಸ್ಸಿನಲ್ಲಿ ಹೋಗಿ, ಎದ್ದು ನಿಂತು, ಉಚ್ಚಾರ ತಪ್ಪದಂತೆ ನಮ್ಮ ಸಾಲನ್ನು ಹೇಳಿ ಬರುತ್ತೇನೆ. ಬೇಡಿಕೆಯ ಜಾಗದಲ್ಲಿ ಮಳೆ, ಬೆಳೆ, ಮಕ್ಕಳ ಪರೀಕ್ಷೆ ಎಂದು ಏನಾದರೂ ಸೇರಿಸುತ್ತೇನೆ.

ಬಸಲಿಂಗ ಕಾಕಾ ಈಗ ಬಹಳ ಮುದುಕರಾಗಿದ್ದಾರೆ. ಪ್ರತಿ ಸಲ ಚಹಾದ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ, “ಆತೇನಬೇ?” ಎಂದು ಕೇಳುತ್ತಾರೆ. ಅಂದಿನ ಬೇಡಿಕೆ ಈಡೇರಿತೇ ಎಂದು ಅವರ ಪ್ರಶ್ನೆ. ಬೇಡಿಕೆ ಯಾವುದೆಂದು ತಿಳಿಯದ ನಾನು, “ಇನ್ನೂ ಇಲ್ಲ ಕಾಕಾ,” ಎನ್ನುತ್ತೇನೆ. “ಆಗತೈತಿ ತಗೋ,” ಎನ್ನುತ್ತಾರೆ. ಒಂದು ವರ್ಷ ಮಾತ್ರ, ಅವರ ವಯಸ್ಸನ್ನು ನೋಡಿ, ಅವರಿಗೂ ಸಮಾಧಾನವಾಗಲಿ ಎಂದು, “ಆತು ಕಾಕಾ,” ಎಂದುಬಿಟ್ಟೆ.

ಅವರು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣುಗಳನ್ನು ಬಹಳ ಹೊತ್ತು ನೋಡಿದರು.

“ಸುಳ್ಳ ಹೇಳಬ್ಯಾಡ ಮಗಾ,” ಎಂದರು. “ಆಗಿದ್ರ ನಮಗ ಕಾಣತಿತ್ತು.”

ಅಂದಿನಿಂದ ಅವರು ಕೇಳಿದಾಗಲೆಲ್ಲ ‘ಇನ್ನೂ ಇಲ್ಲ’ ಎಂದೇ ಹೇಳುತ್ತಿದ್ದೇನೆ.