ಅಣ್ಣನಿಗೆ ಎಸೆದ ಉದ್ದದ ಚೆಂಡು

ಚೆಂಡನ್ನು ಅಣ್ಣ ಇರುವಲ್ಲಿಗೆ ಎಸೆಯಬಾರದು, ಅವನು ಓಡಿ ತಲುಪುವಲ್ಲಿಗೆ ಎಸೆಯಬೇಕು. ಅಮೆರಿಕನ್ ಫುಟ್‌ಬಾಲಿನಲ್ಲಿ ಹಾಗೆ ಓಡಿ ಹಿಡಿಯುವವನನ್ನು ವೈಡ್ ರಿಸೀವರ್ ಎನ್ನುತ್ತಾರೆ. ಅವನು ತಿರುಗಿ ನೋಡುವ ಮೊದಲೇ ಚೆಂಡು ಗಾಳಿಯಲ್ಲಿರಬೇಕು. ಕೆಜಿಎಫ್‌ನಲ್ಲಿ ಎಸೆದುಕೊಡುವವರು ಬೇರೆ ಯಾರೂ ಇಲ್ಲದ್ದರಿಂದ, ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನಗೆ ಅಣ್ಣ ಅದನ್ನು ಕಲಿಸಿದ.

ಬೆಂಗಳೂರಿನ ಒಂದು ತಂಡ ಅವನ ವೇಗ ನೋಡಿಯೇ ಸಂಬಳಕ್ಕೆ ತೆಗೆದುಕೊಂಡಿತ್ತು. ಹೋದ ಸೀಸನ್ನಿನಲ್ಲಿ ಎಡತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಮೊದಲಿನಂತೆ ಓಡಿ ತೋರಿಸಿದರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು. ಓಟ ಬಿಟ್ಟರೆ ಅವನು ಬೇರೇನೂ ಕಲಿತಿರಲಿಲ್ಲ.

ಆ ದಿನ ಮಧ್ಯಾಹ್ನ ಬೆಂಗಳೂರಿನಲ್ಲಿ ಓಡಿ ತೋರಿಸಬೇಕಿತ್ತು. ಬೆಳಿಗ್ಗೆ ಕಿಟ್ ಸಮೇತ ಚಾಂಪಿಯನ್ ರೀಫ್ಸ್‌ನ ಬಯಲಿಗೆ ಹೋದೆವು. ದಿನವೂ ಅಲ್ಲಿ ವಾಕಿಂಗ್ ಬರುವ, ಗಣಿಯಲ್ಲಿ ದುಡಿದಿದ್ದ ತಾತ ಎರಡೂ ತುದಿ ಚೂಪಾದ ನಮ್ಮ ಚೆಂಡು ನೋಡಿ ನಕ್ಕರು.

"ಏನ್ ತಂಬಿ, ಬೆಳ್‌ಬೆಳಿಗ್ಗೇನೆ ಪಪ್ಪಾಯಿ ಯಾಪಾರನಾ?"

"ನಿಮ್ಗೊಂದ್ ಕೊಡ್ಲಾ ತಾತ?"

"ಬೇಡಪ್ಪ, ಇನ್ನೂ ಕಾಯಿ ಇದ್ದಂಗದೆ."

ಮೊದಲೆರಡು ಎಸೆತ ಅವನಿಗೆ ಎಟುಕದೆ ಮುಂದೆ ಬಿದ್ದವು. ಅವನು ಚೆಂಡು ನೋಡಲಿಲ್ಲ, ತೊಡೆ ಮುಟ್ಟಿ ನೋಡಿಕೊಂಡ. ಮುಂದಿನದನ್ನು ಸ್ವಲ್ಪ ಮೆಲ್ಲಗೆ ಎಸೆದೆ. ಸುಲಭವಾಗಿ ಹಿಡಿದು, ನಡೆದುಕೊಂಡೇ ವಾಪಸ್ ತಂದ.

"ಕಮ್ಮಿ ಎಸೆದೆ."

"ಇಲ್ಲ."

"ಸುಳ್ ಯೋಳ್ಬೇಡ ಕಣೇ. ಅಲ್ಲಿ ನಂಗೆ ತಂಗಿ ಎಸೀತಾಳೇನು?"

"ಇವತ್ತು ಬೇಡಣ್ಣ. ಕಾಲಿನ್ನೂ ಸರಿ ಓಗಿಲ್ಲ. ಫೋನ್ ಮಾಡಿ ಇನ್ನೊಂದ್ ವಾರ ಕೇಳು."

"ಕೇಳ್ದೆ. ಕೊಡಲ್ಲ ಅಂದ್ರು." ಚೆಂಡನ್ನು ನನ್ನ ಕೈಗೆ ಒತ್ತಿದ. "ಎಸಿ."

ತೋಳಿನಲ್ಲಿದ್ದಷ್ಟು ಬಲದಿಂದ ಎಸೆದೆ. ಅವನು ಮೊದಲಿನಂತೆಯೇ ಓಡಿದ. ಅವನು ಹಾಗೆ ಓಡಬಲ್ಲ ಎಂಬುದೇ ನನಗೆ ಮರೆತಂತಾಗಿತ್ತು. ಕೈ ಚಾಚಿದ, ಚೆಂಡು ಬೆರಳುಗಳಿಗೆ ಸಿಕ್ಕಿತು. ಆಮೇಲೆ ಯಾರೋ ಹಿಂದಿನಿಂದ ಕಾಲಿಗೆ ಹೊಡೆದಂತೆ ಕುಸಿದ.

ನಾನು ಓಡಿ ಹೋದಾಗ ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಮಗ್ಗುಲಾಗಿ ಬಿದ್ದಿದ್ದ. ಮುಖ ಬಿಳಿಚಿಹೋಗಿತ್ತು.

"ಇಡ್ದೆ. ನೋಡ್ದಾ?"

ನೋಡಿದೆ ಎಂದೆ.

ತಾತ ಬಂದು ಒಂದು ಕಡೆ ಹಿಡಿದು ಎಬ್ಬಿಸಿದರು. "ಆಸ್ಪತ್ರೆಗೆ ಕರ್ಕೊಂಡೋಗಮ್ಮ. ಇದು ಐಸ್ ಇಟ್ರೆ ಓಗೋದಲ್ಲ."

ಅಣ್ಣ ಅವರ ಕಡೆ ತಿರುಗಲಿಲ್ಲ. ನನ್ನ ದುಪಟ್ಟಾದಿಂದ ತೊಡೆ ಕಟ್ಟಲು ಹೇಳಿದ. ಕಟ್ಟಿದೆ.

"ಇನ್ನೂ ಬಿಗಿ."

ಬಿಗಿದೆ.

"ಇನ್ನೂ."

ಬಟ್ಟೆಯ ಅಂಚು ಮಾಂಸದೊಳಗೆ ಇಳಿಯುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡಿದ್ದ. ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದ. ರೈಲಿಗೆ ಬೇಕಾದಷ್ಟು ಸಮಯವಿತ್ತು. ಸಮಯ ಮೀರಿತೆಂದು ಸುಳ್ಳು ಹೇಳಲು ನನಗೆ ಹೊಳೆಯಲೇ ಇಲ್ಲ.

ಬಸ್ಸು ಹತ್ತುವಾಗ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟ. ಹಿಂದಿದ್ದ ಹೆಂಗಸು, "ಬೇಗ ಅತ್ತಪ್ಪ, ನಮ್ಗೂ ಕೆಲ್ಸ ಅವೆ," ಎಂದಳು. ಅವನು ಮೊದಲ ಸೀಟಿನಲ್ಲಿ ಕಾಲು ನೀಡಿ ಕುಳಿತ. ಕಂಡಕ್ಟರ್ ನನ್ನ ಕಡೆ ತಿರುಗಿ, "ಎಲ್ಲಿಗಮ್ಮ?" ಎಂದರು. ಆ ಬಸ್ಸು ಆಸ್ಪತ್ರೆಯ ಮುಂದೆಯೇ ಹೋಗುತ್ತದೆ. ನಾನು ಬಾಯಿ ತೆರೆದೆ.

"ಬಂಗಾರಪೇಟೆ ಸ್ಟೇಷನ್," ಎಂದ ಅಣ್ಣ.

ನಾನು ಆಧಾರ್ ಕಾರ್ಡ್ ತೋರಿಸಿ ಅಲ್ಲಿಗೇ ಟಿಕೆಟ್ ತೆಗೆದುಕೊಂಡೆ.